ನೇಕಾರ ಹಿಡಿದ ಕೈಗವಸು

ಲಿಂಡರ್‌ಬೇಕೆ, ಫ್ಲಾಂಡರ್ಸ್
ಸಂತ ಮ್ಯಾಗ್ದಲೀನಳ ಹಬ್ಬದ ಮಾರನೆಯ ದಿನ, 1302

ಪ್ರೀತಿಯ ಮಗ ಲಾಂಬ್ರೆಕ್ಟನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಅಂಗೈಯ ಗಾಯ ಮಾಗಿತೇ? ನೀನು ಮಿಡಲ್‌ಬುರ್ಗ್ ತಲುಪಿ ಸೋದರತ್ತೆಯ ಮನೆ ಸೇರಿದೆ ಎಂದು ದೋಣಿಯ ಮೆಲಿಸ್ ಬಂದು ಹೇಳಿದ ದಿನ ನಾನು ಹೊಟ್ಟೆ ತುಂಬ ಉಂಡೆ. ಅತ್ತೆ ನಿನ್ನನ್ನು ಹೆರಿಂಗ್ ಮೀನಿಗೆ ಉಪ್ಪು ಹಚ್ಚಲು ಕೂರಿಸುತ್ತಾಳೆ, ಅದು ನನಗೆ ಗೊತ್ತು. ಆದರೆ ಗಾಯ ಒಣಗುವವರೆಗೆ ಉಪ್ಪಿನ ಪೀಪಾಯಿಗೆ ಕೈ ಹಾಕಬೇಡ. ರಾತ್ರಿ ಒಲೆಯ ಪಕ್ಕದ ಜಾಗ ಕೇಳಿಕೊಂಡು ಮಲಗು, ಸಮುದ್ರದ ಗಾಳಿ ನಿನ್ನ ಕೆಮ್ಮಿಗೆ ಆಗುವುದಿಲ್ಲ. ಅವಳು ಗೊಣಗಿದರೆ ಗೊಣಗಲಿ. ನಿಮ್ಮಪ್ಪನ ಮನೆತನದಲ್ಲಿ ಎಲ್ಲರದೂ ಬಾಯಿ ಮುಳ್ಳು, ಹೊಟ್ಟೆ ಬೆಣ್ಣೆ. ನಿಮ್ಮಪ್ಪನೊಬ್ಬರಿಗೆ ಬಾಯೂ ಇರಲಿಲ್ಲ, ಅದೇ ವ್ಯತ್ಯಾಸ.

ನನ್ನ ಮೈಗೇನೂ ಆಗಿಲ್ಲ. ಮೊಣಕಾಲು ನೋವು ಹಾಗೇ ಇದೆ. ಮಗ್ಗದ ಮೇಲೆ ಅರ್ಧ ನೇಯ್ದ ನೀಲಿ ಬಟ್ಟೆ ಹಾಗೇ ಇದೆ, ಅದರ ಮುಂದೆ ಕೂತರೆ ಕೈ ಏಳುವುದಿಲ್ಲ. ಊರಿನಲ್ಲಿ ಮಾತ್ರ ಹಬ್ಬವೋ ಹಬ್ಬ. ಗಂಟೆ ಬಾರಿಸಿ ಬಾರಿಸಿ ಹಗ್ಗ ಹರಿಯಿತಂತೆ. ಕೋರ್ಟ್ರೈಕ್ ಬಯಲಿನಲ್ಲಿ ಬಿದ್ದ ಸವಾರರ ಕಾಲಿನಿಂದ ಕಿತ್ತ ಬಂಗಾರದ ಹಿಮ್ಮಡಿ ಮುಳ್ಳುಗಳಲ್ಲಿ ನಮ್ಮ ನೇಕಾರರ ಸಂಘದ ಪಾಲಿಗೆ ಬಂದವನ್ನು ಚರ್ಚಿನಲ್ಲಿ ತೂಗುಹಾಕಿದ್ದಾರೆ. ನೇಕಾರರು, ಅಗಸರು, ಕಟುಕರು ನೆಲದ ಮೇಲೆ ನಿಂತು ಫ್ರಾನ್ಸಿನ ದೊರೆಗಳನ್ನು ಕುದುರೆಯಿಂದ ಕೆಡವಿದರು ಎಂದು ಕುಡಿದವರೂ ಕುಡಿಯದವರೂ ಒಂದೇ ಸಮನೆ ಹೇಳುತ್ತಾರೆ. ನಾನು ನೀರಿಗೆ ಹೋದರೆ ಮಾತ್ರ ಬಾವಿಕಟ್ಟೆಯ ಮಾತು ನಿಂತುಹೋಗುತ್ತದೆ. ಗೆದ್ದ ಊರಿನಲ್ಲಿ ಸೋತವಳು ನಾನೊಬ್ಬಳೇ ಏನೋ ಅನ್ನಿಸುತ್ತದೆ, ಮಗಾ.

ನಿಮ್ಮಪ್ಪ ಪುರಭವನದ ನೆಲಮಾಳಿಗೆಯಲ್ಲಿದ್ದಾರೆ. ಬೀದಿಯ ಮಟ್ಟಕ್ಕೆ ಒಂದು ಕಿಂಡಿ ಇದೆಯಲ್ಲ, ನೀನು ಚಿಕ್ಕವನಿದ್ದಾಗ ಕಲ್ಲು ಹಾಕಿ ಓಡುತ್ತಿದ್ದೆಯಲ್ಲ, ಅದೇ. ಅಲ್ಲಿ ಬಗ್ಗಿ ಕೂತು ರೊಟ್ಟಿ ಕೊಡುತ್ತೇನೆ. ಕಾವಲುಗಾರ ಒಂದು ಹೆಜ್ಜೆ ದೂರ ಹೋಗುವುದಿಲ್ಲ, ಗುಟ್ಟಿನ ಮಾತಿಗೆ ಜಾಗವಿಲ್ಲ. ಆದರೂ ಅವರು ಮಾತಾಡುತ್ತಾರೆ, ನಿನ್ನ ವಿಷಯ ಬಂದರೆ ಮಾತ್ರ ಅವನು ಕೆಮ್ಮುವಾಗ ಪಿಸುಗುಟ್ಟುತ್ತಾರೆ. ಮದುವೆಯಾದಾಗಿನಿಂದ ನಿಮ್ಮಪ್ಪ ನನ್ನ ಹತ್ತಿರ ಇಷ್ಟು ಮಾತಾಡಿದ್ದೇ ಇಲ್ಲ. ಇಷ್ಟು ವರ್ಷ ಮಗ್ಗದ ಸದ್ದಿನಲ್ಲಿ ಇವರಿಗೆ ದನಿ ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಕೋರ್ಟ್ರೈಕ್ ಬಯಲಿನಲ್ಲಿ ನಡೆದದ್ದನ್ನು ನೀನು ಕಣ್ಣಾರೆ ಕಂಡಿದ್ದೀಯ, ಹೇಳಬೇಕಾಗಿಲ್ಲ. ಆದರೂ ಅವರು ಹೇಳಿದ ಹಾಗೆ ಬರೆಯುತ್ತೇನೆ. ಅವರ ಮಾತು ನಿನ್ನ ಹತ್ತಿರವಾದರೂ ಉಳಿಯಲಿ.

ಆ ಬೆಳಿಗ್ಗೆ ಪಾದ್ರಿಯ ಮುಂದೆ ಎಲ್ಲರೂ ಪ್ರಸಾದದ ಹಾಗೆ ಒಂದೊಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡಿರಂತೆ. ಅದರ ಹಿಂದೆಯೇ ಆಣೆ. ಸೆರೆ ಹಿಡಿಯಬಾರದು, ದೋಚಲು ಬಗ್ಗಬಾರದು, ಒಬ್ಬ ಸವಾರನಿಗೂ ಜೀವದಾನ ಕೊಡಬಾರದು. ಕೊಟ್ಟವನನ್ನು ಅವನ ಪಕ್ಕದಲ್ಲಿ ನಿಂತವನೇ ಹೊಡೆದು ಕೆಡವಬೇಕು. ಹೊಡೆಯದೆ ಬಿಟ್ಟವನಿಗೂ ಅದೇ ಗತಿ. ಅದಾದ ಮೇಲೆ ಕುದುರೆಗಳು ಬಂದವು. “ಕಣ್ಣಿಗೆ ಕಾಣೋಕೆ ಮುಂಚೆ ಅಂಗಾಲಿಗೆ ಗೊತ್ತಾಯ್ತು ಕಣೇ, ನೆಲ ನಡುಗ್ತಿತ್ತು,” ಎಂದರು. ಈಟಿಯ ಬುಡವನ್ನು ನೆಲಕ್ಕೆ ಊರಿ, ಅದರ ಮೇಲೆ ಬಲಗಾಲು ಒತ್ತಿ ನಿಂತರಂತೆ. ಎಡಕ್ಕೆ ಮೊಳೆ ಬಡಿದ ದೊಣ್ಣೆ ಹಿಡಿದು ನೀನು, ಬಲಕ್ಕೆ ಸಂಘದ ಮುಖ್ಯಸ್ಥ ಬೌದೆವೇನ್. ನಿನ್ನ ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತಂತೆ. ತಮ್ಮ ಹಲ್ಲೂ ಹಾಗೇ ಅನ್ನುತ್ತಿತ್ತು, ಅದನ್ನು ಹುಡುಗನಿಗೆ ತಿಳಿಸು ಎಂದಿದ್ದಾರೆ. “ಕುದುರೆ ದಡ್ಡ ಪ್ರಾಣಿ ಅಲ್ಲ, ಗೋಡೆ ಕಂಡ್ರೆ ನಿಲ್ಲತ್ತೆ. ದಡ್ಡ ಅಂದ್ರೆ ಮೇಲೆ ಕೂತಿರ್ತಾನಲ್ಲ, ಅವ್ನು. ಕಾಲಾಳು ಹೆದರಿ ಓಡ್ತಾನೆ ಅನ್ನೋದೊಂದೇ ಅವನ ಬಂಡವಾಳ. ನಾವು ಓಡ್ಲಿಲ್ಲ. ಓಡೋಕೆ ಹಿಂದೆ ಜಾಗಾನೂ ಇರ್ಲಿಲ್ಲ ಅನ್ನು, ನದಿ ಇತ್ತು,” ಎಂದು ಕಿಂಡಿಯೊಳಗೆ ನಕ್ಕರು. ಆ ನಗು ಕೇಳಿ ಕಾವಲುಗಾರನೂ ನಕ್ಕುಬಿಟ್ಟ. ನನಗೆ ಮಾತ್ರ ಅಳು ಬಂತು.

ಹಿಂದಿನಿಂದ ತಳ್ಳಿಸಿಕೊಂಡ ಕುದುರೆಯೊಂದು ನಿಲ್ಲಲಾರದೆ ಬಂದು ಅವರ ಈಟಿಗೆ ಎದೆ ಕೊಟ್ಟಿತು. ಈಟಿ ಅದರ ಜೊತೆಗೇ ಹೋಯಿತು. ಬರಿಗೈಯಲ್ಲಿ ನಿಂತ ನಿಮ್ಮಪ್ಪನ ಕಾಲ ಬಳಿ, ಹಳ್ಳದ ಕೆಸರಿನಲ್ಲಿ ಅದರ ಸವಾರ ಸೊಂಟದವರೆಗೆ ಹೂತುಕೊಂಡಿದ್ದ. ಕಬ್ಬಿಣದ ಕೈಗವಸು ತೊಟ್ಟ ಬಲಗೈಯನ್ನು ಮೇಲಕ್ಕೆ ಚಾಚಿದ. ನಿಮ್ಮಪ್ಪ ಹಿಡಿದರು. “ಮುಳುಗೋನು ಕೈ ಕೊಟ್ರೆ ಹಿಡೀದೆ ಇನ್ನೇನ್ ಮಾಡ್ಲಿ? ಉಣ್ಣೆ ತುಳಿಯೋ ತೊಟ್ಟೀಲಿ ಜಾರಿ ಬಿದ್ದವರನ್ನ ಎಷ್ಟು ಸಲ ಹಾಗೆ ಎಳೆದಿಲ್ಲ ನಾನು? ಎಳೆದೆ. ಕೈ ಬರ್ಲಿಲ್ಲ, ಕೈಗವಸು ಬಂತು.” ಅವನೇ ಅದನ್ನು ಸಡಿಲಿಸಿ ಕೊಟ್ಟಿದ್ದ. ಅವರ ದೊಡ್ಡ ಜನರಲ್ಲಿ ಬಲಗೈಯ ಗವಸು ಕೊಡುವುದು ಎಂದರೆ ನಾನು ನಿನ್ನ ಸೆರೆಯಾಳು, ಇನ್ನು ನನ್ನ ಜೀವ ನಿನ್ನ ಕಾವಲಿನಲ್ಲಿದೆ ಎಂದು. ಗವಸು ತೆಗೆದುಕೊಂಡವನು ಒಪ್ಪಿದ ಹಾಗೆ. ಇದೆಲ್ಲ ಕುದುರೆ ಮೇಲಿನವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆ. ನೂಲು, ನೀರು ಬಿಟ್ಟು ಬೇರೆ ಹಿಡಿದು ಗೊತ್ತಿಲ್ಲದ ಕೈಗೆ ಅದು ಹೇಗೆ ತಿಳಿಯಬೇಕು?

ಆ ಸವಾರ ಫ್ರೆಂಚಿನಲ್ಲಿ ಏನೋ ಹೇಳಿ, ಶಿರಸ್ತ್ರಾಣ ತೆಗೆದು, ಕೆಸರಿನಿಂದ ತೆವಳಿ ನಿಮ್ಮಪ್ಪನ ಹಿಂದೆ ಬಂದು ಕೂತುಬಿಟ್ಟನಂತೆ. “ಅವನ ಮುಖದಲ್ಲಿದ್ದ ಹೆದರಿಕೆ ಇಳಿದುಹೋಯ್ತು ಕಣೇ, ಮನೆ ಬಾಗಿಲು ಸಿಕ್ಕಿದವನ ಹಾಗೆ. ಆಮೇಲೆ ನಾನು ಹ್ಯಾಗೆ ಪಕ್ಕಕ್ಕೆ ಸರೀಲಿ?” ಎಂದು ನನ್ನನ್ನೇ ಕೇಳಿದರು. ಸರಿಯಬೇಕಿತ್ತು ಎಂದುಕೊಂಡೇ ಇನ್ನೊಂದು ರೊಟ್ಟಿ ಒಳಗೆ ಚಾಚಿದೆ. ನೀನು ದೊಣ್ಣೆ ಎತ್ತಿದೆಯಂತೆ, ಅಪ್ಪನ ಮುಖ ನೋಡಿ ಇಳಿಸಿದೆಯಂತೆ. ಅಷ್ಟರಲ್ಲಿ ಹಿಂದಿನ ಸಾಲಿನವರು ನುಗ್ಗಿ, ನಿಮ್ಮಪ್ಪನನ್ನು ದಬ್ಬಿ, ಆ ಸವಾರನನ್ನು ಜಜ್ಜಿ ಹಾಕಿದರು. ಎರಡನೆಯ ದಂಡಿನ ಕುದುರೆಗಳು ಬಂದು ಎಲ್ಲ ಕಲಸಿಹೋಯಿತು. ಯಾರ ಜೀವವೂ ಉಳಿಯಲಿಲ್ಲ, ಮಗಾ, ಆ ಒಂದು ಕೈ ಹಿಡಿದಿದ್ದರಿಂದ. ಸಂಜೆ ಆಣೆ ಮುರಿದವರೆಂದು ಅವರನ್ನು ಕಟ್ಟಿದಾಗ ಗವಸು ಇನ್ನೂ ನಡುಪಟ್ಟಿಯಲ್ಲೇ ಇತ್ತಂತೆ. ಬಿಸಾಡಬಾರದಿತ್ತೇ ಎಂದರೆ, “ಒಬ್ಬ ನಂಬಿ ಕೊಟ್ಟದ್ದಲ್ವೇ” ಎನ್ನುತ್ತಾರೆ. ಇಂಥವರನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ಬೌದೆವೇನನ ಮನೆಗೆ ಹೋಗಿದ್ದೆ. ನಮ್ಮ ಮನೆಯ ಉಪ್ಪು ತಿಂದವನು, ಕೂರು ಎಂದು ಹೇಳುವಷ್ಟು ಮುಖ ಅವನಿಗೆ ಇನ್ನೂ ಇದೆ. “ಹೈಲ್ವಿಗಕ್ಕಾ, ನನ್ನ ಕೈಲಿ ಏನೂ ಇಲ್ಲ. ಗೋಸ್ವಿನ್ ಗವಸು ತಗೊಂಡಿದ್ದನ್ನ ನಾನೇ ನೋಡ್ದೆ. ಗೊತ್ತಿದ್ದು ತಗೊಂಡ್ನೋ ಗೊತ್ತಿಲ್ದೆ ತಗೊಂಡ್ನೋ ಅಂತ ಎಡಕ್ಕೆ ನಿಂತವನು ಬಂದು ಹೇಳ್ಬೇಕು. ಹೇಳಿದ್ರೆ ಗೋಸ್ವಿನ್ ತಲೆ ಉಳಿಯತ್ತೆ. ಅದಕ್ಕೇ ಶಿಕ್ಷೆ ತಡೆದು ಇಟ್ಟಿದೀನಿ,” ಎಂದ. ಅಪ್ಪ ಮಕ್ಕಳು ಅಕ್ಕಪಕ್ಕ ನಿಲ್ಲುವುದೇ ನಮ್ಮ ಸಂಘದ ಪದ್ಧತಿ ಅಲ್ಲವೇ, ಎಡಕ್ಕೆ ಯಾರಿದ್ದರು ಎಂದು ಅವನಿಗೆ ಕೇಳಬೇಕಾಗಿಯೇ ಇಲ್ಲ. ಬಂದು ಹೇಳಿದವನನ್ನು, ಆಗ ನೀನೇನು ಮಾಡಿದೆ ಎಂದು ಕೇಳುತ್ತೀರಾ ಎಂದೆ. “ಕೇಳ್ಲೇಬೇಕಲ್ಲಕ್ಕಾ, ಆಣೆ ಅಂದ್ರೆ ಆಣೆ” ಎಂದು ಕಣ್ಣು ತಪ್ಪಿಸಿದ. ಬಲಕ್ಕೆ ನಿಂತವನು ನೀನೇನು ಮಾಡಿದೆ ಎಂದೆ. ತನ್ನ ಕಾಲ ಮೇಲೆ ಕುದುರೆ ಬಿದ್ದಿತ್ತು ಎಂದ. ಅವನು ಬಾಗಿಲವರೆಗೆ ನೆಟ್ಟಗೆ ನಡೆದು ಬಂದು ನನ್ನನ್ನು ಕಳಿಸಿದ.

ಇದು ಸಂಗತಿ. ನೀನು ಬಂದರೆ ಅಪ್ಪ ಉಳಿಯುತ್ತಾರೆ, ನೀನು ಹೋಗುತ್ತೀಯ. ಬಾರದಿದ್ದರೆ ಅವರು ಹೋಗುತ್ತಾರೆ. ನಿಮ್ಮಪ್ಪ ವಿಚಾರಣೆಯಲ್ಲಿ ನೀನು ಪಕ್ಕದಲ್ಲಿ ಇರಲೇ ಇಲ್ಲ ಎಂದು ಸಾಧಿಸಿದ್ದಾರೆ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲ, ಯಾರೂ ನಂಬಲಿಲ್ಲ. ನನಗೆ ಮಾತ್ರ, ಕಾವಲುಗಾರ ಕೆಮ್ಮುವ ಹೊತ್ತು ನೋಡಿ, “ಅವನು ಬಂದ್ರೆ ನಿನ್ನ ಮುಖ ನೋಡಲ್ಲ” ಎಂದರು. ಅವರ ಮಾತು ನಿನಗೆ ಮುಟ್ಟಿಸಿದ್ದೇನೆ. ನನ್ನ ಮಾತೇನು ಎಂದು ಕೇಳಬೇಡ. ಬಾ ಎನ್ನಲು ಕೈ ಬರುವುದಿಲ್ಲ, ಬರಬೇಡ ಎನ್ನಲೂ ಬರುವುದಿಲ್ಲ. ದೇವರ ಮುಂದೆ ಮೊಣಕಾಲೂರಿದರೆ ಯಾರಿಗಾಗಿ ಬೇಡಬೇಕು ಎಂದು ತಿಳಿಯದೆ ಎದ್ದು ಬರುತ್ತೇನೆ. ಒಬ್ಬರಿಗಾಗಿ ಬೇಡಿದರೆ ಇನ್ನೊಬ್ಬರನ್ನು ಕೊಲ್ಲು ಎಂದ ಹಾಗೆ. ಸೋದರಿಯರ ಮಠದಲ್ಲಿ ನಾಲ್ಕು ಅಕ್ಷರ ಕಲಿತದ್ದು ಇದನ್ನು ಬರೆಯುವುದಕ್ಕೇ ಇರಬೇಕು.

ಅತ್ತೆಗೆ ನನ್ನ ನಮಸ್ಕಾರ ಹೇಳು. ಹಸಿವಾದಾಗ ಕೇಳಿ ಉಣ್ಣು. ನೀನು ಎಲ್ಲಿದ್ದರೂ ಆ ತಾಯಿ ಮೇರಿ ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಹೈಲ್ವಿಗ್

ಮತ್ತೆ: ಮೇಲಿನದನ್ನು ನಿನ್ನೆ ಬರೆದು ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಮೆಲಿಸ್ ಓಡಿಬಂದು, ನಿನ್ನನ್ನು ಮಿಡಲ್‌ಬುರ್ಗ್‌ನಿಂದ ಎಳೆದು ತರಲು ಬೌದೆವೇನ್, ನೀನು ಅತ್ತೆಯ ಮನೆಗೇ ಓಡಿರಬೇಕು ಎಂದು ಊಹಿಸಿ, ಇಬ್ಬರು ಆಳುಗಳನ್ನು ಗೊತ್ತು ಮಾಡಿ ಇವನ ದೋಣಿಯನ್ನೇ ಕರೆದಿದ್ದಾನೆ ಎಂದ. ಅದೇ ಹೊತ್ತಿಗೆ ಹಳ್ಳದ ಕೆಸರಿನಲ್ಲಿ ಈಗ ಸಿಕ್ಕ ನಮ್ಮವರ ಹೆಣಗಳ ಗಾಡಿ ಬಂತು. ಮುಖ ಎನ್ನುವುದು ಯಾರಿಗೂ ಉಳಿದಿರಲಿಲ್ಲ, ಗೊರಸು ತುಳಿದು, ಬಿಸಿಲಿಗೆ ಬೆಂದು. ಸಂಘದ ಕೆಂಪು ಅಂಗಿ ತೊಟ್ಟ ಒಬ್ಬ ನಿನ್ನಷ್ಟೇ ಎತ್ತರವಿದ್ದ. ಇವನು ನನ್ನ ಮಗ ಎಂದೆ. ಎದೆ ಬಡಿದುಕೊಂಡು ಅತ್ತೆ, ಅಳುವುದಕ್ಕೆ ಕಷ್ಟಪಡಬೇಕಾಗಲಿಲ್ಲ. ನಿನ್ನ ಹೆಸರಿನಲ್ಲಿ ಪೂಜೆ ಮಾಡಿ ಮಣ್ಣು ಮಾಡಿ ಆಯಿತು. ಈ ಊರಿಗೆ ಇನ್ನು ನೀನು ಸತ್ತವನು, ಲಾಂಬ್ರೆಕ್ಟ್. ಆಳುಗಳು ಹೊರಡಲಿಲ್ಲ. ಸಾಕ್ಷಿಯೇ ಸತ್ತ ಮೇಲೆ ಕಾಯುವುದೇನು ಎಂದು ನಿಮ್ಮಪ್ಪನ ಶಿಕ್ಷೆ ನಾಳೆಗೆ ಇಟ್ಟಿದ್ದಾರೆ. ನಾನು ಕಿಂಡಿಯ ಹತ್ತಿರ ಹೋಗುವ ಮುಂಚೆಯೇ ಕಾವಲುಗಾರ ಅವರಿಗೆ ಹೇಳಿಬಿಟ್ಟಿದ್ದ. “ನೀನೇ ನೋಡಿದ್ಯಾ?” ಎಂದು ಕೇಳಿದರು. ಕಾವಲುಗಾರ ಪಕ್ಕದಲ್ಲೇ ನಿಂತಿದ್ದ, ಇವತ್ತು ಕೆಮ್ಮಲೂ ಇಲ್ಲ. ನಾನೇ ನೋಡಿದೆ ಎಂದೆ. ರೊಟ್ಟಿ ತೆಗೆದುಕೊಳ್ಳಲಿಲ್ಲ, ಗೋಡೆಯ ಕಡೆ ತಿರುಗಿ ಕೂತರು. ಹಾಗೇ ಹೋಗುತ್ತಾರೆ ಅವರು ನಾಳೆ.

ಇದನ್ನು ಓದಿ ಸುಟ್ಟುಬಿಡು. ಎಂದೂ ಬರಬೇಡ, ನಾನು ಸತ್ತೆ ಎಂದು ಕೇಳಿದರೂ ಬರಬೇಡ. ಇನ್ನೊಂದು ಮಾತಿದೆ, ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ. ಆ ಹೆಣದ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ನಿನ್ನ ಜೊತೆ ಆಡಿ ಬೆಳೆದ ಪಾವೆಲ್ಸ್‌ಗೆ ಚಿಕ್ಕಂದಿನಲ್ಲೇ ಮಗ್ಗಕ್ಕೆ ಸಿಕ್ಕಿ ಹೋದ ಬೆರಳು. ಅವನ ತಾಯಿ ಅಲೆಯ್ಟ್ ಗಾಡಿಯ ಆ ಕಡೆ ನಿಂತು ಹುಡುಕುತ್ತಿದ್ದಳು. ಅವಳು ಈ ಕಡೆ ಬರುವುದರೊಳಗೆ ನನ್ನ ಶಾಲು ತೆಗೆದು ಆ ಕೈಯ ಮೇಲೆ ಹೊದಿಸಿದೆ. ಈಗಷ್ಟೇ ಅವಳು ಬಿಸಿ ರೊಟ್ಟಿ ತಂದುಕೊಟ್ಟು ಹೋದಳು. “ನಿನ್ನ ಮಗ ನಿನಗೆ ಸಿಕ್ಕಿದ್ನಲ್ಲೇ ಹೈಲ್ವಿಗ್, ಮಣ್ಣು ಹಾಕೋಕಾದ್ರೂ ಸಿಕ್ಕಿದ್ನಲ್ಲ, ನೀನು ಪುಣ್ಯವಂತೆ ಕಣೇ” ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ರೊಟ್ಟಿ ತೆಗೆದುಕೊಂಡೆ.