ಮಜ್ಜಿಗೆಯಂತಾದ ಪಂಪಿನ ಎಣ್ಣೆ

೧೧ ಫೆಬ್ರವರಿ ೨೦೨೫, ಮಂಗಳವಾರ

ರೇಷ್ಮೆ ನೂಲಿನ ರೀಲುಗಳನ್ನು, ಒಳಗಿನ ಗಾಳಿ ಹೀರಿ ತೆಗೆದು ನೆನೆಸುವ ಡ್ರಮ್ಮಿಗೆ ಯಾವ ವ್ಯಾಕ್ಯೂಮ್ ಪಂಪು ತರಬೇಕೋ ಇನ್ನೂ ತೋಚುತ್ತಿಲ್ಲ. ಇರುವ ಪಂಪಿನ ಎಣ್ಣೆ ಇವತ್ತು ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

"ನೀರಾವಿ ಒಳಕ್ಕೆ ಹೋಗೈತಕ್ಕ. ಎಣ್ಣೆ ಪಂಪು ಇಲ್ಲಿಗಾಗಲ್ಲ, ನೀರಲ್ಲಿ ಓಡೋದು ಹಾಕ್ಸಿ" ಎಂದ ಮೆಕ್ಯಾನಿಕ್ ಗಂಗರಾಜು. ಚಿಂತಾಮಣಿಯ ಪಂಪಿನಂಗಡಿಯವನು ಫೋನಿನಲ್ಲಿ ಬೇರೆಯೇ ಹೇಳಿದ: ನಮ್ಮ ಬೋರಿನ ಸುಣ್ಣದ ನೀರು ಕುಡಿದರೆ ಆ ಪಂಪು ವರ್ಷದೊಳಗೆ ಕಟ್ಟಿಕೊಳ್ಳುತ್ತದಂತೆ. ಇದಕ್ಕೆ ನೀರೇ ಆಗದು, ಅದಕ್ಕೆ ನಮ್ಮ ನೀರು ಆಗದು. ಯಾರನ್ನು ನಂಬಲಿ?

ರೀಲು ನೋಡಿಕೊಳ್ಳುವ ಅಕ್ಕಯಮ್ಮ ಸೆರಗಿಗೆ ಕೈ ಒರೆಸುತ್ತ, "ಹೊಸದು ಬರೋಗಂಟ ಮೊದಲ್ನಂಗೆ ಕೈಯಲ್ಲೇ ಅದ್ದಿಕೊಡ್ತೀನಿ ಬುಡಮ್ಮ" ಎಂದರು.

ದಿನವಿಡೀ ನೀರಲ್ಲಿ ಅದ್ದಿ ಅವರ ಬೆರಳಸಂದಿ ಕೊಳೆಯದಿರಲೆಂದೇ ಪಂಪು ತಂದಿದ್ದೆ. ತಲೆ ಕೆಟ್ಟಿದ್ದ ಹೊತ್ತಿನಲ್ಲಿ ಸರಿ ಎಂದುಬಿಟ್ಟೆನಲ್ಲ...