ನೀರು ಕುಡಿದು ಏರು ಹತ್ತಿದ ಬಸ್ಸು

ಮಳವಳ್ಳಿ
14 ನವೆಂಬರ್ 1943

ನನ್ನ ಮುದ್ದಿನ ಮಗಳು ಖುರ್ಷೀದ್‌ಗೆ ಅಬ್ಬಾನ ಸಲಾಂ ಮತ್ತು ದುವಾ.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯಲು ಒಂದೂವರೆ ತಿಂಗಳು ತಡಮಾಡಿದ್ದಕ್ಕೆ ಮುನಿಸಿಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮಿಯ ಮೊಣಕಾಲು ನೋವು ಇಳಿದಿದೆ. ಚನ್ನಪಟ್ಟಣದಲ್ಲಿ ಸೀಮೆಎಣ್ಣೆ ಸಿಗುತ್ತಿಲ್ಲ ಎಂದು ಬರೆದಿದ್ದೀಯ. ಇಲ್ಲಿಯೂ ಅದೇ ಕಥೆ. ಯುದ್ಧ ಎಲ್ಲೋ ನಡೆಯುತ್ತಿದ್ದರೆ ನಮ್ಮ ಮನೆಯ ದೀಪ ಯಾಕೆ ಆರಬೇಕು ಎಂದು ಅಮ್ಮಿ ದಿನಾ ಕೇಳುತ್ತಾಳೆ.

ತಡವಾದದ್ದು ನಮ್ಮ ಬಸ್ಸಿನ ದೆಸೆಯಿಂದ. ಪೆಟ್ರೋಲು ಕಡಿಮೆಯಾದ ಮೇಲೆ ಮಾಲೀಕರು ಅದಕ್ಕೆ ಇದ್ದಿಲು ಗ್ಯಾಸಿನ ಒಲೆ ಹಾಕಿಸಿದರು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ. ಇದ್ದಿಲು ತುಂಬಿ, ಗಾಳಿಯ ಚಕ್ರ ತಿರುಗಿಸಿ ಕೆಂಡ ಮಾಡಿ, ಅದರಿಂದ ಬರುವ ಗ್ಯಾಸನ್ನು ಸೋಸಿ ಇಂಜಿನ್ನಿಗೆ ಬಿಡಬೇಕು. ಬಸ್ಸು ಓಡುತ್ತದೆ, ಆದರೆ ಜ್ವರದಿಂದ ಎದ್ದವನ ಹಾಗೆ. ಮದ್ದೂರಿಗೆ ಮುಂಚೆ ಸಿಗುವ ಏರಿನಲ್ಲಿ ಜನ ಇಳಿದು ತಳ್ಳಲೇಬೇಕಾಗಿತ್ತು.

ಒಂದು ದಿನ ಹಾಗೆ ತಳ್ಳಿದವರಲ್ಲಿ ನಿನಗೆ ಪಾಠ ಹೇಳಿದ ಮರಿಸಿದ್ದಯ್ಯ ಮೇಷ್ಟ್ರೂ ಇದ್ದರು. ಏರು ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಕೆಂಡಕ್ಕೆ ಸ್ವಲ್ಪ ನೀರು ಕುಡಿಸಿ ನೋಡು ಎಂದರು. ನಾನು ನಕ್ಕುಬಿಟ್ಟೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ಬೆಂಕಿಗೆ ನೀರು ಹಾಕು ಎಂದು ಹೇಳಿದರೆ ನಗದೆ ಇನ್ನೇನು ಮಾಡಲಿ? ಅವರು ಬೇಸರಪಡಲಿಲ್ಲ. ಭಾನುವಾರ ನಿನ್ನ ಶೆಡ್ಡಿಗೆ ಬರುತ್ತೇನೆ ಎಂದಷ್ಟೇ ಹೇಳಿದರು.

ಬಂದರು. ಕೇಳಿದ್ದೆಲ್ಲ ನನ್ನ ಹತ್ತಿರವೇ ಇದ್ದ ಸಾಮಾನು: ಬಸ್ಸಿನ ಬ್ಯಾಟರಿಗೆ ಹಾಕುವ ಆಸಿಡ್ಡು, ಹಳೆಯ ಟಾರ್ಚ್ ಸೆಲ್ಲುಗಳ ಸತುವಿನ ತಗಡು. ಅವರು ತಂದದ್ದು ಒಂದು ಸೀಸೆ, ಒಂದು ಗಾಜಿನ ಕೊಳವೆ. ತಗಡಿನ ಚೂರುಗಳ ಮೇಲೆ ಆಸಿಡ್ಡು ಬಿದ್ದದ್ದೇ ಗುಳ್ಳೆಗಳು ಎದ್ದವು. ನಾನು ಕಡ್ಡಿ ಗೀರಲು ಹೋದರೆ ಕೈ ಹಿಡಿದು ತಡೆದರು. ಒಳಗಿನ ಗಾಳಿಯೆಲ್ಲ ಹೊರಗೆ ಹೋಗುವವರೆಗೆ ಕಾಯಬೇಕಂತೆ. ಗಾಳಿಯೂ ಈ ಗ್ಯಾಸೂ ಬೆರೆತಿರುವಾಗ ಬೆಂಕಿ ತಗುಲಿದರೆ ಸೀಸೆ ಸಿಡಿಯುತ್ತದಂತೆ. ಬಹಳ ಹೊತ್ತು ಕಾದು ಕೊಳವೆಯ ತುದಿಯಲ್ಲಿ ಅವರೇ ಹಚ್ಚಿದರು. ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣಲೇ ಇಲ್ಲ. ಬಿಸಿ ಮಾತ್ರ ಇತ್ತು. ಅದರ ಮೇಲೆ ಒಂದು ತಣ್ಣನೆಯ ಹಿತ್ತಾಳೆ ಲೋಟವನ್ನು ಹಿಡಿದು, ಆಮೇಲೆ ನನ್ನ ಕೈಗೆ ಕೊಟ್ಟರು.

ಲೋಟದ ತಳ ಒದ್ದೆಯಾಗಿತ್ತು, ಮಗಳೇ. ಬೆಂಕಿಯ ಮೇಲೆ ಹಿಡಿದ ಲೋಟದಲ್ಲಿ ನೀರು.

ನಾನು ಬೆರಳಿನಿಂದ ಒರೆಸಿ, ಲೋಟ ಆರಿಸಿ, ಮತ್ತೆ ಹಿಡಿದೆ. ಮತ್ತೆ ನೀರು. ಈ ಗ್ಯಾಸಿನ ಹೆಸರು ಜಲಜನಕ ಎಂದರು ಮೇಷ್ಟ್ರು. ನೀರನ್ನು ಹೆರುವುದು ಎಂದು ಅರ್ಥವಂತೆ. ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಲೆಯಲ್ಲಿ ಇದರ ಉಲ್ಟಾ ನಡೆಯುತ್ತದೆ: ಕೆಂಪಗೆ ಕಾದ ಇದ್ದಿಲು ನಾವು ಹಾಕಿದ ನೀರಿನ ಹಬೆಯೊಳಗಿನ ಆಮ್ಲಜನಕವನ್ನು ತನ್ನ ಕಡೆಗೆ ಕಿತ್ತುಕೊಳ್ಳುತ್ತದೆ, ಜಲಜನಕ ಒಂಟಿಯಾಗುತ್ತದೆ. ಅದು ಇಂಜಿನ್ನಿಗೆ ಹೋಗಿ, ಕಿಡಿ ಕಂಡು, ಮತ್ತೆ ನೀರಾಗುವ ರಭಸದಲ್ಲಿ ಪಿಸ್ಟನ್ನನ್ನು ತಳ್ಳುತ್ತದೆ.

ಹಾಗಾದರೆ ಇದ್ದಿಲೇ ಬೇಡ, ಬರೀ ನೀರಿನಲ್ಲಿ ಬಸ್ಸು ಓಡಿಸಬಹುದಲ್ಲ ಎಂದೆ. ಮೇಷ್ಟ್ರು ತಲೆಯಾಡಿಸಿದರು. ನೀರನ್ನು ಬಿಡಿಸುವುದಕ್ಕೆ ಕೆಂಡದ ಶಾಖ ಖರ್ಚಾಗುತ್ತದೆ. ಹನಿ ಹೆಚ್ಚಾದರೆ ಕೆಂಡ ತಣ್ಣಗಾಗಿ ಅತ್ತ ಇದ್ದಿಲೂ ಇಲ್ಲ, ಇತ್ತ ನೀರೂ ಇಲ್ಲ ಎಂದರು. ಒಲೆಯ ಗ್ಯಾಸಿನಲ್ಲಿ ವಾಸನೆಯಿಲ್ಲದ ವಿಷವೂ ಇದೆ, ಮುಖ ಒಡ್ಡಬೇಡ ಎಂದು ಎರಡು ಸಲ ಹೇಳಿದರು.

ಒಂದು ತಗಡಿನ ಡಬ್ಬಕ್ಕೆ ನಲ್ಲಿ ಹಾಕಿ, ಒಲೆಗೆ ಗಾಳಿ ಹೋಗುವ ಬಿಸಿ ಕೊಳವೆಯೊಳಗೆ ಹನಿ ಬೀಳುವಂತೆ ಕೂರಿಸಿದೆ. ಒಂದು ತಿಂಗಳು ಇದೇ ಕೆಲಸ. ನಲ್ಲಿ ಜಾಸ್ತಿ ಬಿಟ್ಟು ಎಷ್ಟು ಸಲ ಕೆಂಡ ಕೆಡಿಸಿದೆನೋ. ಕಡೆಗೆ ಒಂದು ಹದ ಸಿಕ್ಕಿತು.

ಕಳೆದ ಮಂಗಳವಾರ ಬೆಳಿಗ್ಗೆ ಬಸ್ಸು ಹೊರಡುವಾಗ, ಕೂಲಿ ಮಾಡುವ ಚಿಕ್ಕಮಾದು ಹೆಂಡತಿ ಮಂಚಮ್ಮಳನ್ನು ಗಾಡಿಯಲ್ಲಿ ತಂದ. ಎರಡು ದಿನದಿಂದ ನೋವು. ಮಗು ಅಡ್ಡ ತಿರುಗಿದೆ, ಮಂಡ್ಯದ ಆಸ್ಪತ್ರೆಗೆ ಸಾಗಿಸಿ ಎಂದಿದ್ದಳಂತೆ ಸೂಲಗಿತ್ತಿ. ಹಿಂದಿನ ಬೆಂಚುಗಳನ್ನು ಬಿಟ್ಟುಕೊಟ್ಟು ಹೆಂಗಸರು ಸೀರೆ ಅಡ್ಡ ಹಿಡಿದರು. ಮೇಷ್ಟ್ರೂ ಅದೇ ಬಸ್ಸಿಗೆ ಬಂದಿದ್ದರು. ಡ್ರೈವರ್ ಹುಸೇನ್ ಮುಂದೆ, ನಾನು ಹಿಂದೆ ಏಣಿಯ ಮೇಲೆ ನಲ್ಲಿ ಹಿಡಿದು ನಿಂತೆ.

ಏರು ಬಂತು. ಒಳಗಿನಿಂದ ಮಂಚಮ್ಮಳ ನರಳಾಟ ಕೇಳುತ್ತಿತ್ತು. ಇನ್ನೂ ಬಲ ಬರಲಿ ಎಂಬ ಆಸೆಗೆ ನಾನು ನಲ್ಲಿಯನ್ನು ಒಂದು ಎಳೆ ಜಾಸ್ತಿ ತಿರುಗಿಸಿದೆ. ಇಂಜಿನ್ನು ಢಮ್ಮೆಂದಿತು, ಬಸ್ಸು ಅರ್ಧ ಏರಿನಲ್ಲಿ ನಿಂತಿತು. ಜನ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಚಿಕ್ಕಮಾದು ನನ್ನ ಮುಂದೆ ಬಂದು ನಿಂತ.

"ಸಾಬ್ರೇ, ತಳ್ಳಿದ್ರೆ ಅಲ್ಲಾಡ್ತದೆ, ಅವ್ಳು ತಡ್ಕಳಾಕಿಲ್ಲ. ಆಯ್ತದೋ ಇಲ್ವೋ ಏಳ್ಬುಡಿ, ಒತ್ಕಂಡೇ ಓಯ್ತೀನಿ."

ಮೇಷ್ಟ್ರು ನಲ್ಲಿ ಪೂರ್ತಿ ಮುಚ್ಚಿಸಿದರು. ಕೋಟು ಬಿಚ್ಚಿ ಗಾಳಿಯ ಚಕ್ರ ತಿರುಗಿಸತೊಡಗಿದರು. ಕೆಂಡ ಕೆಂಪಾಗಿ, ಆಮೇಲೆ ಹಳದಿಗೆ ತಿರುಗುವವರೆಗೆ ನಿಲ್ಲಿಸಲಿಲ್ಲ. ಹುಸೇನ್ ಸ್ಟಾರ್ಟ್ ಮಾಡಿದ. ಆಗ ಮೇಷ್ಟ್ರು ಹೇಳಿದರು, "ಈಗ ಬಿಡು. ಹನಿ ಎಣಿಸ್ಕೊಂಡು ಬಿಡು, ಪಾಷಾ."

ಎಣಿಸುತ್ತ ಬಿಟ್ಟೆ. ಇಂಜಿನ್ನಿನ ದನಿ ಬದಲಾದದ್ದು ಕಾಲಿನಡಿಯಲ್ಲೇ ಗೊತ್ತಾಯಿತು. ಖುರ್ಷೀದ್, ಆ ಭಾರವಾದ ಬಸ್ಸು ಯಾರ ಕೈಯೂ ತಾಗದೆ ಏರು ಹತ್ತಿತು. ಜನ ಪಕ್ಕದಲ್ಲಿ ನಡೆದು ಬಂದರು. ದಿನಾ ಕುಡಿಯುವ, ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವ ನೀರಿನೊಳಗೆ ಅಲ್ಲಾಹ್ ಇಷ್ಟು ಬೆಂಕಿಯನ್ನು ಬಚ್ಚಿಟ್ಟಿದ್ದಾನಲ್ಲ ಎಂದು ನನಗೆ ಕಣ್ಣು ತುಂಬಿತು.

ಮಂಡ್ಯದಲ್ಲಿ ಮಧ್ಯಾಹ್ನದ ಹೊತ್ತಿಗೆ ಮಂಚಮ್ಮಳಿಗೆ ಹೆಣ್ಣುಮಗು ಆಯಿತು. ತಾಯಿ ಬಹಳ ನಿತ್ರಾಣವಾಗಿದ್ದಾಳೆ, ಆದರೆ ಗಂಡಾಂತರ ಕಳೆಯಿತು ಎಂದರು ಡಾಕ್ಟರು. ನಾನು ಮಗುವನ್ನು ನೋಡಿ ಬಂದೆ.

ನಿನಗೂ ಅಳಿಯಂದಿರಿಗೂ ಅಲ್ಲಾಹ್ ಆರೋಗ್ಯ, ನೆಮ್ಮದಿ ಕೊಡಲಿ. ಅತ್ತೆಯವರಿಗೆ ನಮ್ಮೆಲ್ಲರ ಸಲಾಂ ಹೇಳು. ಅಮ್ಮಿ ನಿನ್ನನ್ನು ದಿನಾ ನೆನೆಯುತ್ತಾಳೆ.

ನಿನ್ನ ಅಬ್ಬಾ,
ಅಫ್ಸರ್ ಪಾಷಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಮಂಡ್ಯದಿಂದ ವಾಪಸು ಬರುವಾಗ ಮೇಷ್ಟ್ರು ನಿನ್ನ ಬಗ್ಗೆ ವಿಚಾರಿಸಿದರು. ಅಂಥ ಬುದ್ಧಿಯ ಹುಡುಗಿಯನ್ನು ಇಷ್ಟು ವರ್ಷದಲ್ಲಿ ಇನ್ನೊಬ್ಬಳನ್ನು ಕಾಣಲಿಲ್ಲ ಎಂದರು. ನಾನು ಕಿಟಕಿಯ ಆಚೆ ನೋಡುತ್ತ ಕುಳಿತೆ. ನೀನು ಐದನೇ ಕ್ಲಾಸು ಪಾಸಾದ ವರ್ಷ ಅವರು ನಮ್ಮ ಮನೆಗೆ ಬಂದಿದ್ದರು, ಓದು ಬಿಡಿಸಬೇಡಿ ಎಂದು ಕೇಳಿಕೊಳ್ಳಲು. ನಿನ್ನ ತಲೆಗೆ ಪಾಠ ಹತ್ತುವುದಿಲ್ಲ, ಸಾಕು ಅಂದರು ಮೇಷ್ಟ್ರು ಎಂದು ನಾನು ನಿನಗೆ ಹೇಳಿದೆ. ನೀನು ಎರಡು ದಿನ ಊಟ ಮಾಡಲಿಲ್ಲ. ಅವರು ಹಾಗೆ ಹೇಳಿರಲಿಲ್ಲ, ಮಗಳೇ. ಊರವರ ಬಾಯಿಗೆ ಹೆದರಿ ನಾನೇ ಕಟ್ಟಿದ ಸುಳ್ಳು. ನನಗೆ ಉತ್ತರ ಬರೆಯಬೇಕು ಎನಿಸದಿದ್ದರೆ ಬರೆಯಬೇಡ. ಮೇಷ್ಟ್ರಿಗೆ ಒಂದು ಸಾಲು ಬರೆ. ನಿನಗೇ ಓದು ಬೇಡವಾಗಿತ್ತು ಎಂದು ಅವರು ಇವತ್ತಿಗೂ ತಿಳಿದಿದ್ದಾರೆ. ಅವರಿಗೆ ಹಾಗೆ ಹೇಳಿದ್ದೂ ನಾನೇ.