ನಾಲಿಗೆ ತಾಗಿಸಿದ ಹಸಿರು ಹರಳು

ಕಲ್ಲಿನ ಶೆಡ್,
ಮಾರ್ಚ್ ೧೨

ಪ್ರೀತಿಯ ಅಪ್ಪಾ,

ಅಂಗೈ ಹೇಗಿದೆ? ಗಂಟುಗಳು ಪಾದಕ್ಕೂ ಬಂದಿವೆ ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ಸುತ್ತಿಗೆ ಹಿಡಿದು ಜಡ್ಡುಗಟ್ಟಿದೆ ಅಂದರಂತೆ ಡಾಕ್ಟರು. ಪಾದದಲ್ಲಿ ಯಾರಪ್ಪಾ ಸುತ್ತಿಗೆ ಹಿಡಿಯುತ್ತಾರೆ? ಹೊತ್ತಿಗೆ ಸರಿಯಾಗಿ ಊಟ ಮಾಡು, ಅತ್ತೆಯ ಅಡುಗೆಯಲ್ಲಿ ತಪ್ಪು ಹುಡುಕಬೇಡ.

ಇಲ್ಲಿಯ ಸುದ್ದಿ ಬರೆಯಲೂ ಹೇಸಿಗೆ. ಪೆಗ್ಮಟೈಟ್ ಎನ್ನುವ ದಪ್ಪ ಹರಳಿನ ಬಂಡೆಯ ಬಿರುಕಿನಲ್ಲಿ, ಬೆಳ್ಳಿಬಣ್ಣದ ಅದಿರು ಕೊಳೆತ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಹಸಿರು ಹರಳು ಕೂತಿರುತ್ತದಲ್ಲ, ನೀನು ನಾಲಿಗೆಯಿಂದ ಒದ್ದೆ ಮಾಡಿ ಬಣ್ಣ ನೋಡುತ್ತಿದ್ದದ್ದು, ಶೆಡ್ಡಿನವರಿಗೆಲ್ಲ ಹಾಗೇ ನೋಡಲು ಕಲಿಸಿದ್ದು? ಅದು ಅಪರೂಪದ ಆರ್ಸೆನೇಟ್ ಖನಿಜವಂತೆ. ಅದರೊಳಗಿರುವುದು ಆರ್ಸೆನಿಕ್, ಅಪ್ಪಟ ವಿಷ. ಕಲ್ಲು ಕೊಳ್ಳಲು ಬಂದ ಮೇಡಂ ನಮ್ಮವರು ನೆಕ್ಕುವುದನ್ನು ಕಂಡು ಬಿಳುಚಿಕೊಂಡರು. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅಂಗೈ, ಅಂಗಾಲಿನಲ್ಲಿ ಗಂಟು ಏಳುತ್ತದೆ ಎಂದರು. ಶೆಡ್ ನಡೆಸುವ ಚಿಕ್ಕಪ್ಪನ ಮುಖ ಮಾತ್ರ ಹಾಗೇ ಇತ್ತು. ಅವನಿಗೆ ಮೊದಲೇ ಗೊತ್ತಿತ್ತು ಅಪ್ಪಾ. ಈಚೆಗೆ ಅವನ ಜೇಬಿನಲ್ಲಿ ನೀರಿನ ಸ್ಪ್ರೇ ಬಾಟಲಿ ಇರುತ್ತದೆ, ತನ್ನ ಕಲ್ಲಿಗೆ ಪುಸಕ್ಕನೆ ಹೊಡೆದುಕೊಳ್ಳುತ್ತಾನೆ. ಉಳಿದವರಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. "ವಿಷ ಅಂತ ಗೊತ್ತಾದ್ರೆ ನಾಳೆಯಿಂದ ಯಾರು ಬರ್ತಾರೆ? ಶಾಲೆ ಬಿಟ್ಟವಳು, ನಂಗೆ ಪಾಠ ಹೇಳ್ಬೇಡ," ಅಂದ. ಬಾಟಲಿ ಜೇಬಿಗಿಟ್ಟ ಕೈಯಲ್ಲೇ ನನ್ನ ಬಾಯಿ ಮುಚ್ಚಿಸಲು ಬಿಸ್ಕತ್ತಿನ ಪೊಟ್ಟಣ ಚಾಚಿದ. ಥೂ.

ನಾನು ಶೆಡ್ಡಿನ ಮಧ್ಯೆ ನಿಂತು ಎಲ್ಲರಿಗೂ ಹೇಳಿಬಿಟ್ಟೆ. ಪಾಲಿಶ್ ಮಾಡುವ ಅಣ್ಣ ನಕ್ಕ. "ನಿಮ್ಮಪ್ಪ ಇಷ್ಟು ವರ್ಷ ನೆಕ್ಕಿಲ್ವಾ? ಗುಂಡುಕಲ್ಲಿನ ಹಾಗಿದಾನೆ." ನೀನು ಅತ್ತೆಯ ಮನೆ ರಿಪೇರಿಗೆ ಹೋಗಿದ್ದೀಯ ಎಂದು ಚಿಕ್ಕಪ್ಪ ಹಬ್ಬಿಸಿದ್ದಾನೆ. ಅದು ಸುಳ್ಳು, ಅಪ್ಪನಿಗೆ ಕಾಯಿಲೆ ಎಂದೆ. ಅಣ್ಣ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ತಲೆ ಅಲ್ಲಾಡಿಸಿದ, ಹುಡುಗಿಗೆ ತಲೆಕೆಟ್ಟಿದೆ ಎನ್ನುವ ಹಾಗೆ. ಅಣ್ಣ ನನ್ನೆದುರಿಗೇ ಇನ್ನೊಂದು ಹರಳಿಗೆ ನಾಲಿಗೆ ಇಟ್ಟ. ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಅತ್ತೆಗೆ ನಮಸ್ಕಾರ. ಅವಳ ಮೊಮ್ಮಗನ ಕೆನ್ನೆ ನನ್ನ ಲೆಕ್ಕದಲ್ಲಿ ಒಮ್ಮೆ ಹಿಂಡು.

ನಿನ್ನ ಮಗಳು,
ಬಾಲ ಸುಟ್ಟ ಬೆಕ್ಕು

ಇನ್ನೊಂದು ಮಾತು: ಡಾಕ್ಟರ ಹತ್ತಿರ ಸುತ್ತಿಗೆ, ಧೂಳು ಎಲ್ಲ ಹೇಳಿ ನೆಕ್ಕುವ ವಿಷಯ ಮಾತ್ರ, ಚಿಕ್ಕಪ್ಪ ಬೇಡ ಅಂದನೆಂದು, ನುಂಗಿಕೊಂಡಿದ್ದೀಯಂತೆ, ಅತ್ತೆ ಹೇಳಿದಳು. ತಮ್ಮನ ಮಾನ ಕಾಯಬೇಡ ಅಪ್ಪಾ, ನಾಳೆಯೇ ಹೋಗಿ ಹೇಳು. ಬಾಯಿ ಬರದಿದ್ದರೆ ಈ ಪತ್ರವನ್ನೇ ಅವರ ಕೈಗೆ ಕೊಡು. ನನ್ನ ಅಕ್ಷರ ಕಾಗೆ ಕಾಲು, ಆದರೆ ಆರ್ಸೆನಿಕ್ ಎಂದು ಬರೆದ ಕಡೆ ದಪ್ಪಗೆ ಗೆರೆ ಎಳೆದಿದ್ದೇನೆ.